ಹುಳುಮನೆ ಮತ್ತು ಗುಮಾಸ್ತರ ಕೋಣೆ

"ಹೊಸ ಮನೆ ಕಟ್ಟಿವ್ನಿ ಸಾ, ಒಂದ್ಸಲ ಬಂದು ನೋಡ್ಕೊಂಡ್ ಹೋಗಿ" ಎಂದು ಪೂರಿಗಾಲಿಯ ನನ್ನ ಹಳೆಯ ವಿದ್ಯಾರ್ಥಿ ಫೋನಿನಲ್ಲಿ ಕರೆದಾಗ ವಾಸದ ಮನೆಯೆಂದೇ ತಿಳಿದು ಮಳವಳ್ಳಿಯಲ್ಲಿ ಅರ್ಧ ಕೆ.ಜಿ. ಸಿಹಿ ಕಟ್ಟಿಸಿಕೊಂಡೆ. ಕಂಕುಳಲ್ಲಿ ಒಂದು ನಕ್ಷೆಯ ಸುರುಳಿಯೂ ಇತ್ತು. ನಮ್ಮ ಶಾಲೆಗೆ ಹೊಸ ಕಛೇರಿ ಕೊಠಡಿ ಆಗಬೇಕಾಗಿದೆ. "ನೀವು ವಿಜ್ಞಾನದವರು, ಒಮ್ಮೆ ಕಣ್ಣಾಡಿಸಿ" ಎಂದು ಮುಖ್ಯೋಪಾಧ್ಯಾಯರು ಕೊಟ್ಟಿದ್ದರು. ಸೋಮವಾರ ಹಿಂತಿರುಗಿಸಬೇಕು. ಬಸ್ಸಿನಲ್ಲಿ ಬಿಚ್ಚಿ ನೋಡಿದೆ. ತಪ್ಪೇನೂ ಕಾಣಲಿಲ್ಲ.

ತಲಕಾಡಿಗೋ ಶಿವನಸಮುದ್ರಕ್ಕೋ ಹೊರಟ ಪ್ರವಾಸಿಗರು ಪೂರಿಗಾಲಿಯಲ್ಲಿ ಇಳಿಯುವುದಿಲ್ಲ. ಈಚೆಗೆ ಹನಿ ನೀರಾವರಿ ಯೋಜನೆಯ ಸುದ್ದಿಯಲ್ಲಿ ಊರಿನ ಹೆಸರು ಕೇಳಿಬಂದಿದ್ದರೂ ನೋಡಲು ಇದು ಮಂಡ್ಯ ಜಿಲ್ಲೆಯ ಇತರ ಊರುಗಳಂತೆಯೇ. ಕಬ್ಬು, ಭತ್ತ, ನಡುವೆ ಹಿಪ್ಪುನೇರಳೆಯ ತೋಟ. ಆ ತೋಟದ ಅಂಚಿಗೆ ಶಿಷ್ಯ ಕರೆದೊಯ್ದು ತೋರಿಸಿದ 'ಹೊಸ ಮನೆ' ರೇಷ್ಮೆ ಹುಳು ಸಾಕುವ ಮನೆಯಾಗಿತ್ತು! ಸಿಹಿಯ ಪೊಟ್ಟಣವನ್ನು ಅವನ ಮಗಳ ಕೈಗಿತ್ತೆ.

ಚಪ್ಪಲಿ ಹೊರಗೆ ಬಿಡಿಸಿ, ಕೈಕಾಲು ತೊಳೆಸಿದ ಮೇಲೆಯೇ ಒಳಗೆ ಬಿಟ್ಟ. ಮನೆ ಪೂರ್ವ ಪಶ್ಚಿಮವಾಗಿ ಉದ್ದಕ್ಕಿದೆ. ಉದ್ದನೆಯ ಗೋಡೆಗಳಲ್ಲಿ ಎದುರುಬದುರು ಕಿಟಕಿಗಳು, ಸೂರಿನ ಕೆಳಗೆ ಬಿಸಿಗಾಳಿ ಹೋಗಲು ಗವಾಕ್ಷಿಗಳು, ಊಜಿ ನೊಣ ಬಾರದಂತೆ ಎಲ್ಲದಕ್ಕೂ ಬಲೆ. ಗೋಡೆಯ ಮೇಲೆ ಒಣ ಮತ್ತು ಒದ್ದೆ ಬುರುಡೆಯ ಉಷ್ಣಮಾಪಕ. ಚಾಕಿ ಹುಳಕ್ಕೆ 27-28 ಡಿಗ್ರಿ ಶಾಖ, ದೊಡ್ಡ ಹುಳಕ್ಕೆ 24-25. ತೇವಾಂಶ ಮೊದಲು ಶೇಕಡ 85ರ ಮೇಲೆ, ಕಡೆಗೆ 70-75. ಇದನ್ನೆಲ್ಲ ಅವನು ಮಗ್ಗಿಯಂತೆ ಒಪ್ಪಿಸಿದ.

"ಉಸಿರು ಕಟ್ಟಿದ್ರೆ ಹುಳ ಸೊಪ್ಪು ಮುಟ್ಟಾಕಿಲ್ಲ ಸಾ. ಶೀತ ಹೆಚ್ಚಾದ್ರೆ ಸುಣ್ಣಕಟ್ಟು. ಈ ಬುರುಡೆ ನೀವೇ ಎಂಟ್ನೇ ಕ್ಲಾಸಲ್ಲಿ ತೋರ್ಸಿದ್ದು" ಎಂದು ನಕ್ಕ.

ನನಗೆ ನಗು ಬರಲಿಲ್ಲ. ನಮ್ಮ ಗುಮಾಸ್ತರು ಈಗ ಕುಳಿತುಕೊಳ್ಳುವುದು ಹಿಂದೆ ಸಾಮಾನು ತುಂಬುತ್ತಿದ್ದ ಕೋಣೆಯಲ್ಲಿ. ಇದ್ದೊಂದು ಕಿಟಕಿಗೆ ದಾಖಲೆಗಳ ಬೀರು ಅಡ್ಡವಾಗಿದೆ. ಮೂರು ಗಂಟೆಗೆಲ್ಲ ತಲೆನೋವೆಂದು ಹಣೆ ಒತ್ತಿಕೊಳ್ಳುತ್ತಾರೆ. ವಯಸ್ಸಾಯಿತು, ಕನ್ನಡಕ ಬದಲಿಸಿ ಎಂದು ನಾನೇ ಬುದ್ಧಿ ಹೇಳಿದ್ದೆ. ಹುಳು ಸೊಪ್ಪು ಬಿಟ್ಟರೆ ಸಾಕಿದವನಿಗೆ ಅಂದೇ ತಿಳಿಯುತ್ತದೆ. ಗುಮಾಸ್ತರು ತಲೆನೋವಿನಲ್ಲೇ ಸಂಬಳದ ಬಿಲ್ಲು ಮುಗಿಸುತ್ತಾರೆ, ಯಾರಿಗೂ ತಿಳಿಯುವುದಿಲ್ಲ.

ಜಗಲಿಯ ಮೇಲೆ ನಕ್ಷೆ ಹರಡಿದೆವು. ಹೊಸ ಕೊಠಡಿಯ ದೊಡ್ಡ ಕಿಟಕಿ ಪಶ್ಚಿಮಕ್ಕಿತ್ತು! ನಮ್ಮ ಸೀಮೆ ಸಮಭಾಜಕದಿಂದ ಸುಮಾರು 12 ಡಿಗ್ರಿ ಉತ್ತರದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ತುಸು ಉತ್ತರಕ್ಕೆ, ಉಳಿದ ಕಾಲ ದಕ್ಷಿಣಕ್ಕೆ ಇರುತ್ತಾನೆ. ಎರಡೂ ಕಾಲದಲ್ಲಿ ಮೇಲೆಯೇ ಇರುವುದರಿಂದ ಆ ಎರಡು ಗೋಡೆಗಳಿಗೆ ಸಾಧಾರಣ ಸಜ್ಜಾ ಸಾಕು. ಸಂಜೆಯ ಬಿಸಿಲು ಮಾತ್ರ ಓರೆಯಾಗಿ ಸಜ್ಜಾದ ಕೆಳಗೆ ನುಗ್ಗುತ್ತದೆ. ಸಾಲದ್ದಕ್ಕೆ ಗುಮಾಸ್ತರ ಬೆನ್ನು ಆ ಕಿಟಕಿಗೇ ಇತ್ತು. ಬಿಸಿಲೆಲ್ಲ ಕಂಪ್ಯೂಟರಿನ ಪರದೆಗೆ ಬಡಿದು ಕಣ್ಣಿಗೆ ರಾಚುತ್ತದೆ. ಕಿಟಕಿ ಮಗ್ಗುಲಲ್ಲಿರಬೇಕು, ಬೆನ್ನಿಗೂ ಬೇಡ, ಮುಖಕ್ಕೂ ಬೇಡ.

ಗಾಳಿಯ ಮಾತೂ ಹೊಸದಲ್ಲ. ಒಬ್ಬ ಮನುಷ್ಯ ಸುಮ್ಮನೆ ಕುಳಿತರೂ ಸುಮಾರು 100 ವಾಟ್ ಬಲ್ಬಿನಷ್ಟು ಶಾಖ ಹೊರಬಿಡುತ್ತಾನೆ. ಹೊರಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಹತ್ತು ಸಾವಿರ ಭಾಗಕ್ಕೆ ಸುಮಾರು ನಾಲ್ಕು. ಕೋಣೆಯೊಳಗೆ ಅದು ಹತ್ತನ್ನು ಮೀರಬಾರದೆಂದು ಜರ್ಮನಿಯ ಪೆಟ್ಟನ್‌ಕೋಫರ್ 1858ರಲ್ಲೇ ಹೇಳಿದ್ದರು. ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕುಳಿತರೆ ಈ ಮಿತಿ ದಾಟಲು ಹೆಚ್ಚು ಹೊತ್ತು ಬೇಕಿಲ್ಲ. ಕಿಟಕಿಯ ಆಚೆ ಏನಿದೆ ಎಂಬುದೂ ಮುಖ್ಯ. 1984ರಲ್ಲಿ ಅಮೆರಿಕದ ರೋಜರ್ ಉಲ್ರಿಚ್, ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆ ಹೋಲಿಸಿ, ಕಿಟಕಿಯಿಂದ ಮರ ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರೆಂದು ತೋರಿಸಿದರು. ನಮ್ಮ ಶಾಲೆಯ ಉತ್ತರಕ್ಕೆ ಹೊಂಗೆ ಮರವಿದೆ. ನಕ್ಷೆಯಲ್ಲಿ ಅತ್ತ ಇದ್ದದ್ದು ಬೀರು!

ಪೆನ್ಸಿಲ್ ತೆಗೆದು ಬೀರನ್ನು ಪಶ್ಚಿಮದ ಗೋಡೆಗೂ ಕಿಟಕಿಯನ್ನು ಹೊಂಗೆಯ ಕಡೆಗೂ ಬದಲಿಸಿದೆವು. ದಕ್ಷಿಣಕ್ಕೆ ಎದುರು ಕಿಟಕಿ, ಮೇಲೆ ಗವಾಕ್ಷಿ. ಹೆಚ್ಚಿನ ಖರ್ಚೇನೂ ಬೀಳದು.

ಹೊರಡುವಾಗ ಒಂದು ತಟ್ಟೆಯ ಹುಳುಗಳು ತಲೆಯೆತ್ತಿ ಅಲ್ಲಾಡದೆ ಕುಳಿತಿದ್ದವು. ಪೊರೆ ಬಿಡುವ ಹೊತ್ತು. ಇದಕ್ಕೆ ರೈತರು 'ಜ್ವರ' ಎನ್ನುತ್ತಾರೆ. "ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರ್ದು, ಅಲುಗಿಸ್ಲೂ ಬಾರ್ದು ಸಾ" ಎಂದ. ನಾಲ್ಕು ಸಲ ಹೀಗೆ ಬಿಡುವು ಕೊಟ್ಟರೆ ಮಾತ್ರ ಹುಳು ಹಣ್ಣಾಗಿ ಚಂದ್ರಿಕೆ ಏರುತ್ತದೆ. ನಮ್ಮ ಗುಮಾಸ್ತರು ಬೆಳಿಗ್ಗೆ ಕುಳಿತರೆ ಊಟಕ್ಕಷ್ಟೇ ಏಳುವವರು. ಕೊಠಡಿ ಚೆನ್ನಾಗಿ ಕಟ್ಟಿಸಿದರೆ ಸಾಲದು. ಗಂಟೆಗೊಮ್ಮೆ ಎದ್ದು ಹೊಂಗೆಯ ನೆರಳಿಗೆ ಹೋಗಿ ಬಂದರೆ ಯಾರೂ ಗಡಿಯಾರ ನೋಡಬಾರದು.

ಸೋಮವಾರ ಮುಖ್ಯೋಪಾಧ್ಯಾಯರು ತಿದ್ದಿದ ನಕ್ಷೆ ನೋಡಿ ಕಿಟಕಿಗಳಿಗೆ ಒಪ್ಪಿದರು. ಗಂಟೆಗೊಮ್ಮೆಯ ಬಿಡುವಿಗೆ "ನೋಡೋಣ" ಎಂದರು. ಕೊಠಡಿ ಏಳಲು ಇನ್ನೂ ಸಮಯ ಬೇಕು. ಅಲ್ಲಿಯವರೆಗೆ ಸುಮ್ಮನಿರಬಾರದೆಂದು ಇಬ್ಬರು ಹುಡುಗರನ್ನು ಕರೆದು ಬೀರು ಸರಿಸಿ ಹಳೆಯ ಕಿಟಕಿ ತೆರೆಸಿದೆ. ಪ್ರಯೋಗಶಾಲೆಯ ಉಷ್ಣಮಾಪಕ ತಂದು ಗೋಡೆಗೆ ತೂಗುಹಾಕಿದೆ. ಮಧ್ಯಾಹ್ನ ಮೂರಕ್ಕೆ 33 ಡಿಗ್ರಿ ತೋರಿಸಿತು.

"ಏನ್ ಮೇಷ್ಟ್ರೇ, ಕೋಣೆಗೂ ಜ್ವರ ನೋಡ್ತಿದ್ದೀರಾ?" ಎಂದರು ಗುಮಾಸ್ತರು.

"ಹೌದು ಸ್ವಾಮಿ, ತಡವಾಯಿತು" ಎಂದೆ.