ಓಲೆಗರಿಯಿಂದ ಹಾರ್ಡ್ ಡಿಸ್ಕಿಗೆ

ಕಡಿಯಾಳಿಯಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ಕಾರ್ಕಳದ ಸುತ್ತಮುತ್ತಲಿನ ಮನೆಗಳಲ್ಲಿದ್ದ ಓಲೆಗರಿಗಳ ಚಿತ್ರಗಳನ್ನು ಬಹುಕಾಲದಿಂದ ಸಂಗ್ರಹಿಸುತ್ತ ಬಂದವರು. ಒಂದು ಮಳೆಗಾಲದಲ್ಲಿ ಅವರ ಹಳೆಯ ಡಿಸ್ಕು ಟಿಕ್ ಟಿಕ್ ಎಂದು ಸದ್ದು ಮಾಡತೊಡಗಿತು. ಬಹುಪಾಲು ಚಿತ್ರಗಳನ್ನು ಹೇಗೋ ಹೊರತೆಗೆದರು; ಒಂದು ಕಟ್ಟಿನ ನಲವತ್ತು ಗರಿಗಳು ಮಾತ್ರ ದಕ್ಕಲಿಲ್ಲ. ಆ ಕಟ್ಟಿನ ಮೂಲವನ್ನು ಅಷ್ಟರೊಳಗೆ ಗೆದ್ದಲು ತಿಂದಿತ್ತು.

ಹೊಸದನ್ನು ಕೊಳ್ಳಲು ಹೋದಾಗ ಅಂಗಡಿಯ ಹುಡುಗ, "ತಿರುಗುವ ಡಿಸ್ಕನ್ನು ಈಗ ಯಾರು ತೆಗೊಳ್ತಾರೆ ಮಾಷ್ಟ್ರೇ? ಎಸ್‌ಎಸ್‌ಡಿ ಕೊಡ್ತೇನೆ" ಎಂದ. ಅಧ್ಯಾಪಕರು ಲೆಕ್ಕ ಮುಂದಿಟ್ಟರು. ಇಪ್ಪತ್ತು ಅಂಗುಲ ಉದ್ದ, ಎರಡು ಅಂಗುಲ ಅಗಲದ ಗರಿಯ ಒಂದು ಮಗ್ಗುಲನ್ನು ಅಂಗುಲಕ್ಕೆ 600 ಬಿಂದುಗಳಂತೆ, ಸಂಕುಚಿಸದೆ ವರ್ಣದಲ್ಲಿ ಉಳಿಸಿದರೆ ಸುಮಾರು 43 ಎಂಬಿ. ಇನ್ನೂರು ಗರಿಗಳ ಗ್ರಂಥವೊಂದಕ್ಕೆ 17 ಜಿಬಿ. ನೂರು ಗ್ರಂಥಗಳಿಗೆ 1.7 ಟಿಬಿ. ಇಷ್ಟು ಜಾಗ ಎಸ್‌ಎಸ್‌ಡಿಯಲ್ಲಿ ದುಬಾರಿ. ಅಲ್ಲದೆ ಅದರ ಕೋಶಗಳಲ್ಲಿ ಹಿಡಿದಿಟ್ಟ ವಿದ್ಯುದಂಶ, ವಿದ್ಯುತ್ತಿಲ್ಲದೆ ಬಹುಕಾಲ ಕಪಾಟಿನಲ್ಲಿದ್ದರೆ ಸೋರಿಹೋಗಬಹುದು. ಕಾಂತೀಯ ತಟ್ಟೆಯ ಬರಹಕ್ಕೆ ಆ ಭಯವಿಲ್ಲ. ಅದರ ಭಯ ಯಂತ್ರಭಾಗಗಳದ್ದು.

ಅವರು ಆರಿಸಿದ್ದು ಕಂಪ್ಯೂಟರಿನ ಒಳಗೇ ಕೂರಿಸುವ ಮೂರೂವರೆ ಅಂಗುಲದ 4 ಟಿಬಿ ಡಿಸ್ಕು. ಕೆಲವು ಹೊರಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿಯನ್ನು ಡಿಸ್ಕಿನ ಫಲಕಕ್ಕೇ ಬೆಸೆದಿರುತ್ತಾರೆ. ಕಿಂಡಿ ಮುರಿದರೆ ಇನ್ನೊಂದು ಯಂತ್ರಕ್ಕೆ ನೇರವಾಗಿ ಜೋಡಿಸಲಾಗದು. ಸಾಟಾ ಡಿಸ್ಕಿಗೆ ಆ ತೊಡಕಿಲ್ಲ. ಅದು ಸಿಎಂಆರೋ ಎಸ್‌ಎಂಆರೋ ಎಂದೂ ವಿಚಾರಿಸಿದರು. ಎಸ್‌ಎಂಆರ್‌ನಲ್ಲಿ ಬರಹದ ಪಥಗಳು ಮಾಡಿನ ಹೆಂಚುಗಳಂತೆ ಒಂದರ ಮೇಲೊಂದು ಅಂಚು ಚಾಚಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ಒಮ್ಮೆ ಬರೆದಿಡುವ ಸಂಗ್ರಹಕ್ಕೆ ಇದು ದೊಡ್ಡ ದೋಷವಲ್ಲ. ಆದರೆ ಪೆಟ್ಟಿಗೆಯ ಮೇಲೆ ಯಾವಾಗಲೂ ನಮೂದಾಗಿರುವುದಿಲ್ಲವೆಂಬುದು ಕೊಳ್ಳುವವನಿಗೆ ಅನ್ಯಾಯವೇ. ವಿಂಡೋಸ್‌ನಲ್ಲಿ 4 ಟಿಬಿ 3.63 ಎಂದು ಕಾಣುವುದು ಮೋಸವಲ್ಲ: ತಯಾರಕರು ಸಾವಿರದಿಂದಲೂ ವಿಂಡೋಸ್ 1024ರಿಂದಲೂ ಎಣಿಸುತ್ತವೆ.

ಬಿಲ್ಲಿನ ಮೇಲಿನ ವಾರಂಟಿಯನ್ನು ಅವರು ಎರಡು ಸಲ ಓದಿದರು. ಕೆಟ್ಟರೆ ಡಿಸ್ಕು ಸಿಗುತ್ತದೆ, ಬರಹ ಸಿಗದು. ಓಲೆಗರಿಯ ಕಾಲದವರು ಇದನ್ನು ಅರಿತೇ ಇದ್ದರು. ಗರಿಗೆ ಎಣ್ಣೆ ಸವರಿದರು, ಮಸಿ ತುಂಬಿದರು, ಆದರೆ ನಂಬಿದ್ದು ಪ್ರತಿಯನ್ನು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಇದಕ್ಕೆ ವಿರುದ್ಧವಾದ ಸ್ಥಿತಿ ಧವಲಾ ಟೀಕೆಯದು: ಶತಮಾನಗಳ ಕಾಲ ಅದು ಮೂಡಬಿದಿರೆಯ ಓಲೆಗರಿಗಳನ್ನೇ ನೆಚ್ಚಿಕೊಂಡಿತ್ತು. ಕಾಗದಕ್ಕೆ ಪ್ರತಿಯಾಗುವ ಕೆಲಸ ನಡೆದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ. ಮೊದಲ ಸಂಪುಟ ಅಚ್ಚಾದದ್ದು 1939ರಲ್ಲಿ. ನಡುವೆ ಒಂದು ಬೆಂಕಿಯೋ ಒಂದು ನೆರೆಯೋ ಸಾಕಾಗಿತ್ತು.

"ಇಂಥದ್ದೇ ಇನ್ನೊಂದು ಕೊಡಪ್ಪಾ" ಎಂದರು ಅಧ್ಯಾಪಕರು. ಹುಡುಗ ಕೊಂಚ ಯೋಚಿಸಿ, "ಬೇರೆ ಕಂಪನಿಯದ್ದು ತೆಗೊಳ್ಳಿ ಮಾಷ್ಟ್ರೇ, ಎರಡೂ ಒಟ್ಟಿಗೆ ಹಾಳಾಗೂದಿಲ್ಲ" ಎಂದ. ಅವರಿಗೆ ಆ ಮಾತು ಹಿಡಿಸಿತು. ಒಂದು ಡಿಸ್ಕು ಈಗ ಕಡಿಯಾಳಿಯಲ್ಲಿ ಯುಪಿಎಸ್ ಹಿಂದಿನ ಯಂತ್ರದೊಳಗಿದೆ. ಇನ್ನೊಂದು ಸಿಲಿಕಾ ಜೆಲ್ ಪೊಟ್ಟಣದೊಡನೆ ಕಾರ್ಕಳದ ತಂಗಿಯ ಮನೆಯಲ್ಲಿದೆ. ಜ್ಯೇಷ್ಠ ಶುದ್ಧ ಪಂಚಮಿಯ ಶ್ರುತಪಂಚಮಿಯಂದು ಅದನ್ನು ತರಿಸಿ, ತಿರುಗಿಸಿ, ಎರಡರ ಕಡತಗಳನ್ನೂ ತಾಳೆ ನೋಡುತ್ತಾರೆ. ಆ ನಲವತ್ತು ಗರಿಗಳ ಹೆಸರಿನ ಖಾಲಿ ಕಡತಕೋಶವೊಂದು ಎರಡರಲ್ಲಿಯೂ ಹಾಗೆಯೇ ಇದೆ.