ಉಗ್ಗಿನ ಬಗೆಗಳು

ಮಗುವಿನ ಮಾತು ತಡವರಿಸಿದರೆ ತೊದಲ್ನುಡಿಯೆಂದು ಮುದ್ದಿಸುತ್ತೇವೆ. ಅದೇ ತಡೆ ದೊಡ್ಡವರ ನಾಲಗೆಗೆ ಬಂದರೆ ಉಗ್ಗೆನ್ನುತ್ತೇವೆ. ಜೊತೆಗೊಂದು ನಗೆಯನ್ನೂ ಸೇರಿಸುತ್ತೇವೆ. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೆ, ಈ ಉಗ್ಗಿನಲ್ಲಿಯೂ ಹಲವು ಬಗೆಗಳುಂಟೆಂದು ತಿಳಿದದ್ದು ಬಾದನಹಟ್ಟಿಯ ನನ್ನ ಸೋದರಮಾವನಿಂದ.

ಬಳ್ಳಾರಿ ಸೀಮೆಗೂ ಬಯಲಾಟಕ್ಕೂ ಹಳೆಯ ನಂಟು. ಮಾವನ ಮೇಳದಲ್ಲಿ ಚಿಕ್ಕಂದಿನಿಂದ ಉಗ್ಗುವವನೊಬ್ಬನಿದ್ದ. ಕಟ್ಟೆಯ ಮೇಲೆ ತನ್ನ ಹೆಸರು ಹೇಳಲು ಬೆವರುವವನು, ಕಿರೀಟವಿಟ್ಟು ದುರ್ಯೋಧನನಾದರೆ ಪದವೂ ಮಾತೂ ಹೊಳೆಯಂತೆ ಹರಿಯುತ್ತಿದ್ದವು. ಉಗ್ಗು ಹಾಡಿದರೆ ಓಡುತ್ತದೆ ಎಂಬುದು ಊರಿಗೆ ಅವನಿಂದ ಸಿಕ್ಕ ಶಾಸ್ತ್ರ.

ಅರವತ್ತು ದಾಟಿದ ಮೇಲೆ ಮಾವನಿಗೆ ಲಕ್ವ ಹೊಡೆಯಿತು. ಕೈ ಕಾಲು ಸುಧಾರಿಸಿದವು, ಮಾತು ಒಡೆಯಿತು. ಬಾಲ್ಯದ ಉಗ್ಗು ಹೆಚ್ಚಾಗಿ ಪದದ ಹೊಸ್ತಿಲಲ್ಲೇ ಎಡವುತ್ತದೆ: ‘ಬ-ಬ-ಬಳ್ಳಾರಿ’. ಮಾವ ನಡುಮನೆಯಲ್ಲೂ ಹಿತ್ತಿಲಲ್ಲೂ ಎಡವುತ್ತಿದ್ದರು: ‘ಬಳ್ಳಾ-ಳ್ಳಾ-ರಿ-ರಿ’. ನಾಲಗೆಗೆ ಬಜೆ ತೇಯ್ದದ್ದಾಯಿತು. ಆಟದ ಪದ ಹಾಡಿಸಿದರು, ಹಾಡೂ ಮುರಿಯಿತು. ಆಗ ಮನೆಯಲ್ಲಿ ಆಸ್ತಿಯ ಪಾಲಿನ ಮಾತು ನಡೆದಿತ್ತು. ‘ಹಾಡಿದರೂ ಹೋಗದ ಉಗ್ಗು ಎಲ್ಲಿಯದು? ಪಾಲು ತಪ್ಪಿಸಲು ಹೂಡಿದ ಆಟ’ ಎಂದರು ಕೆಲವರು. ಸುಳ್ಳೆನ್ನಲು ಮಾವನಿಗೆ ನಾಲಗೆಯೇ ಇರಲಿಲ್ಲ.

ಕೊನೆಗೆ ಮೈಸೂರಿಗೆ ಕರೆದೊಯ್ದೆವು. ಅಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮಿದುಳಿನ ಪೆಟ್ಟಿನಿಂದ ಬರುವ ಉಗ್ಗು ಬೇರೆಯೇ ಜಾತಿಯದೆಂದು ಅಲ್ಲಿ ತಿಳಿಯಿತು. ಅದು ಪದದ ನಡುವೆ, ಕೊನೆಯಲ್ಲೂ ಬರಬಹುದು. ಓದಿದ್ದನ್ನೇ ಮತ್ತೆ ಮತ್ತೆ ಓದಿದರೂ, ಹಾಡಿದರೂ ಅನೇಕ ವೇಳೆ ತಗ್ಗುವುದಿಲ್ಲ. ಊರು ಹಿಡಿದ ಸಾಕ್ಷಿಯೇ ಮಾವನ ಪರ ನಿಂತಿತು! ತೀವ್ರ ದುಃಖ, ಆಘಾತಗಳಿಂದ ಬರುವ ಉಗ್ಗೂ ಉಂಟು, ಅದೂ ನಟನೆಯಲ್ಲ.

ನನ್ನ ತರಗತಿಯಲ್ಲಿ ಇನ್ನೊಂದು ಬಗೆಯನ್ನು ಕಾಣುತ್ತೇನೆ. ಹುಡುಗನೊಬ್ಬ ಅಕ್ಷರಗಳನ್ನು ನುಂಗಿ, ಪದದ ಮೇಲೆ ಪದ ಹೇರಿ ಓಡುತ್ತಾನೆ. ತನ್ನ ಮಾತು ಕಲಸಿತೆಂಬ ಅರಿವೇ ಅವನಿಗಿಲ್ಲ. ಇಂಥವರು ಗಮನವಿಟ್ಟರೆ ಮಾತು ತಿಳಿಯಾಗುತ್ತದೆ. ತಮ್ಮ ದನಿಯನ್ನು ಮುದ್ರಿಸಿ ಕೇಳಿಸಿಕೊಂಡರೆ ಅನುಕೂಲ. ಬಾಲ್ಯದಿಂದ ಉಗ್ಗುವವನಿಗೋ ಎಲ್ಲರ ಗಮನವೇ ಹೊರೆ. ‘ನಿಧಾನವಾಗಿ ಹೇಳಪ್ಪ’ ಎಂಬ ನಮ್ಮ ಪುಕ್ಕಟೆ ಉಪದೇಶ ಒಬ್ಬನಿಗೆ ಮದ್ದು, ಇನ್ನೊಬ್ಬನಿಗೆ ಮುಳ್ಳು.

ಮಾವನಿಗೆ ಕಲಿಸಿದ್ದು ಸರಳ ವಿದ್ಯೆ: ಮಾತನ್ನು ತುಂಡುಮಾಡಿ, ಒಂದೊಂದು ಅಕ್ಷರಕ್ಕೂ ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುವುದು. ಮದ್ದಳೆಗೆ ಕುಣಿದ ಜೀವಕ್ಕೆ ಅದು ಒಗ್ಗಿತು. ತಡೆ ಪೂರ್ತಿ ಹೋಗಲಿಲ್ಲ. ಬದುಕಿಗೆ ಸಾಲುವಷ್ಟು ಮಾತು ಬಂತು. ದೊಡ್ಡವರ ಮಾತು ಒಮ್ಮೆಲೇ ತೊಡರಿದರೆ ಬಜೆ ಹುಡುಕಬಾರದು, ತಡಮಾಡದೆ ಆಸ್ಪತ್ರೆಗೆ ಓಡಬೇಕು ಎಂಬುದನ್ನು ಮನೆಮಂದಿಯೂ ಕಲಿತರು.

ಪಾಲಿನ ಪಂಚಾಯಿತಿ ಕೂಡಿದ ದಿನ ಮಾವ ಬೆರಳು ತಟ್ಟುತ್ತ ಮೂರೇ ಮಾತು ಹೇಳಿದರು: ‘ಸಮ ಪಾಲು ಮಾಡಿರಿ.’ ಗಳಿಗೆ ಹಿಡಿಯಿತು. ಅಷ್ಟು ಹೊತ್ತೂ ಯಾರೂ ಅವರ ಬಾಯಿಂದ ಪದ ಕಸಿಯಲಿಲ್ಲ.