ನೆಲದ ಸೀತಾಳೆ

ಸೀತಾಳೆ, ಅಂದರೆ ಆರ್ಕಿಡ್, ಎಂದೊಡನೆ ಮರದ ಕೊಂಬೆಯನ್ನು ತಬ್ಬಿ ಬೆಳೆಯುವ ಸಸ್ಯವೇ ನಮ್ಮವರ ಕಣ್ಣಿಗೆ ಕಟ್ಟುವುದು. ಮರದ ಮೇಲಣ ಬದನಿಕೆಗೆ ಅಮರಕೋಶದಲ್ಲಿ ‘ವಂದಾ’ ಎಂದು ಹೆಸರು. ಪಾಶ್ಚಾತ್ಯ ಸಸ್ಯಶಾಸ್ತ್ರಜ್ಞರು ಆ ಶಬ್ದವನ್ನೇ ಆರ್ಕಿಡ್‌ಗಳ ಒಂದು ಪಂಗಡಕ್ಕೆ ಇಟ್ಟುಕೊಂಡಿರುವರು. ಆದರೆ ಈ ವಂಶದಲ್ಲಿ ನೆಲವನ್ನೇ ನಂಬಿ ಬಾಳುವವುಗಳೂ ಉಂಟು. ಸಹ್ಯಾದ್ರಿಯ ಹುಲ್ಲುಗಾವಲುಗಳಲ್ಲಿ ಮಳೆಗಾಲಕ್ಕೆ ಬಿಳಿಯ ಹೂ ಬಿಡುವ ಹಬೆನೇರಿಯಾ ಅಂಥದು. ಸಸ್ಯಪಾಲಕರೊಬ್ಬರು ತಮ್ಮಲ್ಲಿಯೇ ಬೆಳೆಸಿ ಕೊಟ್ಟ ಗಡ್ಡೆಗಳನ್ನು ಕಲ್ಲೋಳಿಯ ನಮ್ಮ ಹಿತ್ತಿಲಲ್ಲಿ ಸಾಕಿರುವೆನು.

ನಮ್ಮೂರ ಎರೆಮಣ್ಣು ಕಬ್ಬಿಗೆ ತಾಯಿ, ಈ ಗಡ್ಡೆಗೆ ಮಲತಾಯಿ. ನೀರು ಹಿಡಿದುಕೊಂಡು ಕೊಳೆಯಿಸುವುದು. ಆದುದರಿಂದ ದಪ್ಪ ಉಸುಕು, ಇಟ್ಟಿಗೆಯ ಚೂರು, ಕೊಳೆತ ಎಲೆಗೊಬ್ಬರಗಳನ್ನು ಬೆರೆಸಿ ಕುಂಡದಲ್ಲಿ ನೆಡಬೇಕು. ಈ ಸಸ್ಯದ ಸಂಸಾರಕ್ರಮವು ವಿಚಿತ್ರವಾದುದು. ಹಳೆಯ ಗಡ್ಡೆಯು ಎಲೆ ಹೂಗಳಿಗೆ ತನ್ನ ಸತ್ತ್ವವನ್ನೆಲ್ಲ ಕೊಟ್ಟು ಸೊರಗುತ್ತಿರುವಾಗಲೇ ಅದರ ಪಕ್ಕದಲ್ಲಿ ಮುಂದಿನ ವರ್ಷದ ಗಡ್ಡೆಯು ತುಂಬಿಕೊಳ್ಳುವುದು. ಮಳೆ ಹಿಂದೆಗೆದ ಮೇಲೆ ಎಲೆ ಒಣಗುವುದು. ನೆಲದ ಮೇಲೆ ಏನೂ ಉಳಿಯದು. ಆಗ ನೀರು ಹಾಕಲಾಗದು. ದಯೆಯಿಂದ ನೀರೆರೆಯುವವರೇ ಈ ಸಸ್ಯಕ್ಕೆ ಶತ್ರುಗಳು. ಪ್ರತಿ ಬೇಸಗೆಯಲ್ಲಿಯೂ ನನ್ನ ಸೊಸೆಯು, “ಮಾವನವರೇ, ಬರಿಯ ಕುಂಡ, ಕೊತ್ತಂಬರಿ ಹಾಕಲೇ?” ಎನ್ನುವಳು. ಮೃಗಶಿರಾ ಮಳೆಯವರೆಗೆ ತಾಳು ಎನ್ನುವೆನು.

ಆಯುರ್ವೇದದ ಅಷ್ಟವರ್ಗದಲ್ಲಿ ಎಣಿಸಿದ ಋದ್ಧಿ, ವೃದ್ಧಿಗಳು ಹಿಮಾಲಯದ ಹಬೆನೇರಿಯಾಗಳೇ ಎಂದು ಈಗಿನ ವಿದ್ವಾಂಸರು ಗುರುತಿಸಿರುವರು. ಅಷ್ಟವರ್ಗವು ಅರಸರಿಗೂ ದುರ್ಲಭವೆಂದು 16ನೆಯ ಶತಮಾನದ ಭಾವಮಿಶ್ರನೇ ಹೇಳಿ, ಈ ಎರಡಕ್ಕೂ ಬದಲು ವಾರಾಹೀಕಂದವನ್ನು ವಿಧಿಸಿದನು. ಅಗೆಯುವ ಕೈಗಳು ಇಂದಿಗೂ ನಿಂತಿಲ್ಲ. ವಾಚಕರು ಗುಡ್ಡದಲ್ಲಿ ಕಂಡ ಗಿಡವನ್ನು ಕಿತ್ತು ತರಬಾರದೆಂದು ನನ್ನ ಬಿನ್ನಹ. ಇದರ ಬೀಜವು ಧೂಳಿನಂತೆ ಸೂಕ್ಷ್ಮ. ತಾನು ಮೊಳೆಯುವಷ್ಟು ಆಹಾರವೂ ಅದರಲ್ಲಿಲ್ಲ. ಮಣ್ಣಿನಲ್ಲಿಯ ಒಂದು ಬಗೆಯ ಬೂಷ್ಟು ಉಣಿಸಿದರೆ ಮಾತ್ರ ನಿಸರ್ಗದಲ್ಲಿ ಮೊಳೆಯುವುದೆಂಬುದನ್ನು ಫ್ರಾನ್ಸ್ ದೇಶದ ನೊಯೆಲ್ ಬರ್ನಾರ್ 1899ರಲ್ಲಿ ಕಂಡುಹಿಡಿದನು. 1922ರಲ್ಲಿ ಅಮೇರಿಕೆಯ ಲೂಯಿಸ್ ನಡ್ಸನ್ ಆ ಬೂಷ್ಟಿಲ್ಲದೆ, ಸಕ್ಕರೆ ಬೆರೆಸಿದ ಪಾಕದಲ್ಲಿ ಆರ್ಕಿಡ್ ಬೀಜಗಳನ್ನು ಮೊಳೆಯಿಸಿ ತೋರಿಸಿದನು. ಅದು ಪ್ರಯೋಗಶಾಲೆಯ ಮಾತು. ಗುಡ್ಡದಲ್ಲಿ ಕಿತ್ತ ಗಿಡದ ತಾಣವನ್ನು ಮತ್ತೆ ತುಂಬುವುದು ಸುಲಭವಲ್ಲ.

ಹೊಸಬರು ತೋಟಗಾರರಲ್ಲಿ ದೊರೆಯುವ ನೇರಳೆ ಹೂವಿನ ಸ್ಪಾಥೊಗ್ಲಾಟಿಸ್‌ನಿಂದ ತೊಡಗಲಿ. ಅದೂ ನೆಲದ್ದೇ, ಆಗ್ನೇಯ ಏಷ್ಯದಿಂದ ಬಂದುದು. ಅದಕ್ಕೆ ಬೇಸಗೆಯಲ್ಲಿಯೂ ನೀರು ಬೇಕು. ಮುಂಜಾನೆಯ ಬಿಸಿಲು, ಮಧ್ಯಾಹ್ನದ ನೆರಳು ಇದ್ದರೆ ಸಾಕು.